ಕೊಳಗವೂ ಅದರ ಎಣಿಕೆಯೂ

ರಾಮನಗರದ ಬಳಿಯ ಜಾನಪದ ಲೋಕವನ್ನು ಪ್ರವಾಸದ ಕೈಪಿಡಿಗಳು ‘ನೋಡತಕ್ಕ ಸ್ಥಳ’ಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತವೆ. ನನಗೆ ಅದೊಂದು ಗ್ರಂಥವೆಂದೇ ತೋರುತ್ತದೆ. ಗ್ರಂಥವೆಂದ ಮೇಲೆ ಅದಕ್ಕೆ ವಿಮರ್ಶೆಯೂ ಸಲ್ಲಬೇಕಷ್ಟೆ.

ಐ.ಎ.ಎಸ್. ಅಧಿಕಾರಿಯಾಗಿದ್ದ ದಿವಂಗತ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 15 ಎಕರೆಯ ಈ ಲೋಕ 1994ರಲ್ಲಿ ತೆರೆಯಿತು. ಅರಸರ ಕತ್ತಿಯನ್ನೂ ಸಿಂಹಾಸನವನ್ನೂ ಕಾಯ್ದಿಡುವವರು ಎಲ್ಲ ಕಾಲದಲ್ಲಿಯೂ ಸಿಕ್ಕುತ್ತಾರೆ. ಒನಕೆ, ಮೊರ, ಸೇರು, ಪಾವು, ತೊಗಲುಗೊಂಬೆಗಳನ್ನು ಹುಡುಕಿ ತಂದು ಚಾವಣಿಯ ಕೆಳಗಿಡುವುದಕ್ಕೆ ಬೇರೆಯೇ ಒಂದು ಕಣ್ಣು ಬೇಕು. ಗೌಡರಿಗೆ ಆ ಕಣ್ಣಿತ್ತು. ಅದಕ್ಕೆ ತಕ್ಕ ಕಿವಿಯೂ ಇತ್ತು. ವಸ್ತುಗಳನ್ನು ಕೂಡಿಸಿದಂತೆಯೇ ಅವರು ಹಳ್ಳಿಯ ಹಾಡುಗಾರರ ದನಿಯನ್ನೂ ಧ್ವನಿಸುರುಳಿಗಳಲ್ಲಿ ಹಿಡಿಸಿದರು. ಈ ಸಂಸ್ಥೆಯ ಹೆಚ್ಚುಗಾರಿಕೆ ಇರುವುದು ಇಲ್ಲಿ ಎಂದು ನನ್ನ ಎಣಿಕೆ.

ಏಕೆಂದರೆ ಜನಪದದಲ್ಲಿ ವಸ್ತುವನ್ನು ಮಾತಿನಿಂದ ಬಿಡಿಸುವುದು ಸುಲಭವಲ್ಲ. ತರಗತಿಯಲ್ಲಿ ನಾವು ತ್ರಿಪದಿಯ ಲಕ್ಷಣ ಹೇಳುತ್ತೇವೆ: ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮ, ಉಳಿದವು ವಿಷ್ಣು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಂದಿನಿಂದ ಆ ಪದಗಳು ಪುಸ್ತಕದಲ್ಲಿ ಸುರಕ್ಷಿತವಾಗಿವೆ. ಆದರೆ ಪುಸ್ತಕದಲ್ಲಿ ಕಲ್ಲು ತಿರುಗುವುದಿಲ್ಲ. ಎದುರುಬದುರು ಕುಳಿತ ಇಬ್ಬರು ಹೆಂಗಸರು, ಗೂಟದ ಮೇಲೆ ಇಬ್ಬರ ಕೈ, ಹಾಡುವಾಗ ಮರುಕಳಿಸುವ ಎರಡನೆಯ ಸಾಲು: ಬೀಸುವ ಕಲ್ಲನ್ನು ಕಾಣದವನಿಗೆ ಆ ಮರುಕಳಿಕೆ ಬರಿಯ ಪುನರುಕ್ತಿ. ಹಾಡನ್ನು ಕೇಳದವನಿಗೆ ಕಲ್ಲೂ ಬರಿಯ ಕಲ್ಲೇ.

ಕೊಳಗದ ಮಾತೂ ಹೀಗೆಯೇ. 20 ಕೊಳಗ ಒಂದು ಖಂಡುಗವೆಂಬುದು ಲೆಕ್ಕದ ಮಾತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದುದು ಬಾಳಿನ ಮಾತು. ಆ ರಾಶಿಯಿಂದಲೇ ಕಮ್ಮಾರ, ಬಡಗಿ, ಅಗಸ, ತೋಟಿ ಮೊದಲಾದವರಿಗೆ ಆಯ ಸಲ್ಲುತ್ತಿತ್ತು. ಜಾನಪದ ಲೋಕದಲ್ಲಿ ಆಯಗಾರರ ಹೆಸರಿನದೇ ಒಂದು ಮಾಳವಿದೆ, ಒಳ್ಳೆಯ ಯೋಚನೆ. ಆಯವೆಂದರೆ ಪಾಲು. ಯಾರ ಪಾಲು ಎಷ್ಟು, ಅದನ್ನು ಯಾರು ರಾಶಿಯ ಹತ್ತಿರ ನಿಂತು ಪಡೆದರು, ಯಾರು ದೂರದಲ್ಲಿ ಸೆರಗೊಡ್ಡಿ ಕಾದರು ಎಂಬುದನ್ನು ನಯವಾಗಿ ಒರಸಿಟ್ಟ ಕೊಳಗ ತಾನಾಗಿ ಹೇಳಲಾರದು. ಸವೆದ ಮರದ ಹೊಳಪು ಕಣ್ಣಿಗೆ ಇಂಪಾಗಿರುತ್ತದೆ. ನಗರವಾಸಿಗಳಾದ ನಾವು ಅದನ್ನು ಕಂಡು ‘ಎಂಥ ಚೆಲುವಿನ ಕಾಲ’ ಎಂದು ಸುಲಭವಾಗಿ ನಿಟ್ಟುಸಿರು ಬಿಡುತ್ತೇವೆ. ಹೊತ್ತು ಹುಟ್ಟುವ ಮುನ್ನ ಎದ್ದು ರಾಗಿ ಬೀಸಿದವಳು ಅದನ್ನು ಚೆಲುವೆಂದು ಕರೆಯುತ್ತಿದ್ದಳೋ ಇಲ್ಲವೋ, ಅವಳ ಪದಗಳನ್ನೇ ಕೇಳಬೇಕು. ತವರಿನ ಹಂಬಲ, ಅತ್ತೆಯ ಮನೆಯ ಕಷ್ಟ ಅವುಗಳಲ್ಲಿ ಧಾರಾಳವಾಗಿಯೇ ಇವೆ.

ಆದ್ದರಿಂದ ಇಂಥ ಯಾವುದೇ ಸಂಗ್ರಹಾಲಯದಿಂದ ನಾನು ಬಯಸುವುದು ಇಷ್ಟು: ವಸ್ತುವಿನ ಹೆಸರಿನ ಚೀಟಿಯ ಪಕ್ಕದಲ್ಲಿ ಅದು ಬಂದ ಸೀಮೆಯ ಮಾತೂ ಇರಲಿ. ಬೀಸುಕಲ್ಲಿನ ಮುಂದೆ ನಿಂತವನಿಗೆ ಅಲ್ಲಿಯೇ ಬೀಸುವ ಪದ ಕೇಳಿಸಲಿ. ಹಾಡಿದಾಕೆಯ ಹೆಸರೂ ಊರೂ ಅಲ್ಲಿ ಕಾಣಲಿ. ‘ಕರ್ತೃ ಅಜ್ಞಾತ’ ಎಂದು ಬರೆದುಬಿಡುವ ಚಾಳಿ ನಮ್ಮ ಪಠ್ಯಪುಸ್ತಕಗಳಿಗೇ ಸಾಕು. ಗೋಡೆಯ ತುಂಬ ಪ್ರಬಂಧ ತೂಗುಹಾಕಬೇಕೆಂದು ಹೇಳುತ್ತಿಲ್ಲ. ನಮ್ಮಂಥ ಉಪನ್ಯಾಸಕರ ಕೈಗೆ ಆ ಕೆಲಸ ಸಿಕ್ಕರೆ ನೋಡುವವರು ಬಾಗಿಲಿನಿಂದಲೇ ಹಿಂದಿರುಗಿಯಾರು!

2023ರಲ್ಲಿ ಉದ್ಘಾಟನೆಯಾದ ಹೊಸ ದಶಪಥ ರಾಮನಗರವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಜಾನಪದ ಲೋಕ ಹಳೆಯ ಹೆದ್ದಾರಿಯಲ್ಲಿಯೇ ಉಳಿದಿದೆ. ಮೈಸೂರಿಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿತ್ತೆಂದು ಇಳಿದು ನೋಡುವ ಕಾಲ ಮುಗಿಯಿತು. ಇನ್ನು ಹೋಗುವವರು ಮನಸ್ಸು ಮಾಡಿಯೇ ಹೋಗಬೇಕು. ಹಾಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಲಿ, ಬೀಸುಕಲ್ಲಿನ ಎದುರು ಆಕೆಗೆ ಒಂದಿಷ್ಟು ಹೊತ್ತು ಕುಳಿತುಕೊಳ್ಳಲು ಬಿಡಲಿ.