ಯೆಹೂದ್ಯರ ವಂಶಚರಿತ್ರೆಯ ಆಧಾರಗಳು: ಒಂದು ವಿಮರ್ಶೆ

ಮನೆತನಗಳ ವಂಶಾವಳಿಯನ್ನು ಬರೆದಿಡುವುದು ಇತಿಹಾಸದ ಅಧ್ಯಾಪಕರ ಕೆಲಸವೆಂದು ನಾವು ಬಹುಕಾಲ ಭಾವಿಸಿರಲಿಲ್ಲ. ಅರಸುಗಳ ವಂಶಾವಳಿಯಾದರೆ ಶಾಸನಗಳ ಆರಂಭದ ಪದ್ಯಗಳನ್ನು ಹಿಡಿದು ವರ್ಷಗಟ್ಟಲೆ ಚರ್ಚಿಸುತ್ತೇವೆ. ಸಾಮಾನ್ಯ ಗೃಹಸ್ಥನೊಬ್ಬನ ಮುತ್ತಜ್ಜ ಯಾರೆಂಬುದನ್ನು ಆತನ ಮನೆಯವರ ಕುತೂಹಲಕ್ಕೆ ಬಿಟ್ಟುಬಿಡುತ್ತೇವೆ. ಅಂಥ ವಂಶಾವಳಿಗಳಲ್ಲಿ ಪ್ರಮಾಣಕ್ಕಿಂತ ಅಭಿಮಾನವೇ ಹೆಚ್ಚೆಂಬುದು ಈ ಉದಾಸೀನಕ್ಕೆ ಕಾರಣ. ಆದರೆ ಕಳೆದ ಅರ್ಧ ಶತಮಾನದಲ್ಲಿ ಯೆಹೂದ್ಯರು ತಮ್ಮ ಕುಟುಂಬಗಳ ಚರಿತ್ರೆಯನ್ನು ಅರಸಿಕೊಂಡು ಹೋಗಿರುವ ರೀತಿಯನ್ನು ನೋಡಿದರೆ, ಪ್ರಮಾಣವಿಚಾರದಲ್ಲಿ ನಾವು ಅವರಿಂದ ಕಲಿಯಬೇಕಾದುದೂ ಇದೆ, ಅವರೊಡನೆ ವಾದಿಸಬೇಕಾದುದೂ ಇದೆ ಎಂದು ತೋರುವುದು.

ಮೊದಲು ಎದುರಾದದ್ದು ನಿರಾಶೆ. ನಾತ್ಸಿಗಳ ಹತ್ಯಾಕಾಂಡದಲ್ಲಿ ಊರುಗಳೊಡನೆ ದಾಖಲೆಗಳೂ ಸುಟ್ಟುಹೋದವು, ಅಮೆರಿಕೆಗೆ ವಲಸೆ ಬಂದವರ ಹೆಸರುಗಳೂ ಬದಲಾದವು, ಇನ್ನು ಹುಡುಕಿ ಫಲವಿಲ್ಲ ಎಂಬ ನಂಬಿಕೆ ಎಲ್ಲೆಡೆಯೂ ಇತ್ತು. ೧೯೭೭ರಲ್ಲಿ ಡಾನ್ ರಾಟನ್‌ಬರ್ಗ್, ೧೯೮೦ರಲ್ಲಿ ಆರ್ಥರ್ ಕರ್ಜ್‌ವೈಲ್ ಪ್ರಕಟಿಸಿದ ಪುಸ್ತಕಗಳು ಈ ನಂಬಿಕೆಯನ್ನು ಅಲುಗಿಸಿದುವು. ಪೋಲೆಂಡಿನ ದಫ್ತರಗಳಲ್ಲಿ ಉಳಿದಿದ್ದ ಜನನ, ವಿವಾಹ, ಮರಣಗಳ ದಾಖಲೆಗಳಿಗೆ ಸ್ವಯಂಸೇವಕರಿಂದ ಸೂಚಿಗಳನ್ನು ಮಾಡಿಸುವ ಕಾರ್ಯ ೧೯೯೫ರಲ್ಲಿ ತೊಡಗಿತು. ಅನಂತರ ಬಂದದ್ದು ಡಿ.ಎನ್.ಎ. ಪರೀಕ್ಷೆ. ಹೀಗೆ ದಾಖಲೆ, ಡಿ.ಎನ್.ಎ., ಸಮುದಾಯವು ಹಂಚಿಕೊಂಡ ತಿಳಿವಳಿಕೆ ಎಂಬ ಮೂರು ಆಧಾರಗಳು ಈಗ ಒದಗಿವೆ.

ಇವುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುವುದೆಂದು ಹೇಳುವುದು ವಾಡಿಕೆ. ಈ ಮಾತನ್ನು ನಾವು ಒಪ್ಪಲಾರೆವು. ಮೂರು ಆಧಾರಗಳೂ ಉತ್ತರ ಕೊಡುವುದು ಮೂರು ಬೇರೆ ಪ್ರಶ್ನೆಗಳಿಗೆ. ಒಂದನ್ನು ಇನ್ನೊಂದರ ಎದುರಿಗೆ ಸಾಕ್ಷಿಯಾಗಿ ನಿಲ್ಲಿಸಿ ಪ್ರಶ್ನಿಸಬಹುದು. ಒಂದರ ಖಾಲಿ ಸ್ಥಳದಲ್ಲಿ ಇನ್ನೊಂದನ್ನು ಕೂರಿಸಲಾಗದು. ಇಲ್ಲಿ ನಡೆಯುವ ತಪ್ಪು ಕೇವಲ ಪಾಂಡಿತ್ಯದ ತಪ್ಪೂ ಅಲ್ಲ. ಹತ್ಯಾಕಾಂಡದಲ್ಲಿ ಮಡಿದವರಲ್ಲಿ ಅನೇಕರಿಗೆ ಸಮಾಧಿಯಿಲ್ಲ, ಉಳಿದಿರುವುದು ಹೆಸರೊಂದೇ. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಬರೆದುಬಿಟ್ಟರೆ ಅವರಲ್ಲೊಬ್ಬನು ಆ ಹೆಸರಿನಿಂದಲೂ ಅಳಿದುಹೋಗುತ್ತಾನೆ.

ಮೊದಲು ದಾಖಲೆಗಳನ್ನು ನೋಡೋಣ. ಮಧ್ಯ ಮತ್ತು ಪೂರ್ವ ಯೂರೋಪಿನ ಯೆಹೂದ್ಯರಲ್ಲಿ ಬಹುಮಂದಿಗೆ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಸ್ಥಿರವಾದ ಮನೆತನದ ಹೆಸರಿರಲಿಲ್ಲ. ಇಂಥವನ ಮಗ ಇಂಥವನು ಎಂಬ ರೂಢಿಯೇ ಅವರಿಗೆ ಸಾಕಾಗಿತ್ತು. ಸಾಲದೆ ಬಂದದ್ದು ಸರ್ಕಾರಕ್ಕೆ. ಆಸ್ಟ್ರಿಯದ ಎರಡನೆಯ ಜೋಸೆಫನು ೧೭೮೭ರಲ್ಲಿ, ರಷ್ಯದ ಸರ್ಕಾರವು ೧೮೦೪ರಲ್ಲಿ, ನೆಪೋಲಿಯನ್ನನು ೧೮೦೮ರಲ್ಲಿ, ಪ್ರಷ್ಯವು ೧೮೧೨ರಲ್ಲಿ ಯೆಹೂದ್ಯರು ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿದುವು. ಕಂದಾಯ ಕೊಡಬೇಕಾದವನು ಯಾರು, ಸೈನ್ಯಕ್ಕೆ ಸೇರಬೇಕಾದವನು ಯಾರು ಎಂಬುದನ್ನು ತಿಳಿಯುವುದು ಈ ವಿಧಿಗಳ ಉದ್ದೇಶಗಳಲ್ಲಿ ಮುಖ್ಯವಾದುದು. ರಷ್ಯದಲ್ಲಿ ೧೮೨೭ರಿಂದ ಯೆಹೂದಿ ಹುಡುಗರನ್ನು, ಹನ್ನೆರಡು ವರ್ಷದವರನ್ನು ಸಹ, ಸೈನ್ಯದ ಸೇವೆಗೆ ಹಿಡಿದೊಯ್ಯುವ ನಿಯಮ ಬಂದಿತು. ಮಗನ ವಯಸ್ಸನ್ನು ಗುಮಾಸ್ತನ ಮುಂದೆ ಹೇಳುವ ತಂದೆಯ ಮನಸ್ಸಿನಲ್ಲಿ ಸತ್ಯಕ್ಕಿಂತ ಮಗನೇ ದೊಡ್ಡವನಾಗಿದ್ದರೆ ಆಶ್ಚರ್ಯವೇನು? ಜನನವನ್ನು ಹಲವು ವರ್ಷ ತಡಮಾಡಿ ಬರೆಯಿಸಿದ ದಾಖಲೆಗಳು ಪೋಲೆಂಡಿನಲ್ಲಿ ಅಪರೂಪವಲ್ಲ. ಅವುಗಳಲ್ಲಿ ಬರೆಯಿಸಿದ ದಿನ ನಿಶ್ಚಿತ, ಹುಟ್ಟಿದ ದಿನ ಅನಿಶ್ಚಿತ. ಈ ಎರಡು ದಿನಗಳನ್ನು ಬೇರೆಯಾಗಿ ಎಣಿಸದ ವಂಶಾವಳಿಗಳು ಎಷ್ಟೋ ಇವೆ.

ಗಲಿಶಿಯ ಪ್ರಾಂತದ ನಿದರ್ಶನ ಇನ್ನೂ ಬೋಧಕವಾಗಿದೆ. ಆಸ್ಟ್ರಿಯಕ್ಕೆ ಸೇರಿದ್ದ ಆ ನಾಡಿನಲ್ಲಿ ಧರ್ಮದ ವಿಧಿಯಂತೆ ಮಾತ್ರ ಮದುವೆಯಾಗಿ ಸರ್ಕಾರದಲ್ಲಿ ನೋಂದಾಯಿಸದ ದಂಪತಿಗಳ ಮಕ್ಕಳನ್ನು ಅಕ್ರಮ ಸಂತಾನವೆಂದು ಬರೆಯುತ್ತಿದ್ದರು. ಮಗುವಿಗೆ ತಾಯಿಯ ಮನೆತನದ ಹೆಸರು ಬರುತ್ತಿತ್ತು. ನೋಂದಣಿಯ ವೆಚ್ಚ ಮತ್ತು ನಿರ್ಬಂಧಗಳಿಗೆ ಅಂಜಿ ಸಾವಿರಾರು ಕುಟುಂಬಗಳು ಹೀಗೆಯೇ ಬಾಳಿದುವು. ಇಂದು ಆ ಪುಸ್ತಕವನ್ನು ತೆರೆದ ಮರಿಮಗನು ತನ್ನ ಅಜ್ಜನನ್ನು ವಿವಾಹಬಾಹ್ಯ ಸಂತಾನವೆಂದು ತಿಳಿದು ನೊಂದುಕೊಳ್ಳಬಹುದು; ಇಲ್ಲವೆ ಸಹೋದರರಿಬ್ಬರಿಗೆ ಬೇರೆ ಹೆಸರಿರುವುದನ್ನು ಕಂಡು ಇವರು ಬೇರೆ ಮನೆಯವರೆಂದು ತಳ್ಳಿಬಿಡಬಹುದು. ದಾಖಲೆ ಸುಳ್ಳು ಹೇಳಿಲ್ಲ. ಅದು ಸರ್ಕಾರದ ಕಣ್ಣಿಗೆ ಕಂಡ ಕುಟುಂಬವನ್ನು ಹೇಳಿತು, ಅಷ್ಟೆ. ದಾಖಲೆಯನ್ನು ತನಗಾಗಿಯೇ ಬರೆದಿಟ್ಟರೆಂಬಂತೆ ಓದುವುದು ವಂಶಚರಿತ್ರೆಕಾರರ ಸಾಮಾನ್ಯ ದೋಷ. ಈ ದೋಷ ನಮ್ಮಲ್ಲಿ ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ದಾಖಲೆಯಿಂದ ಮನೆಮಾತು ಬಿದ್ದುಹೋಗುವ ಸಂದರ್ಭಗಳೂ ಉಂಟು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಠಾಣ್ಯದಲ್ಲಿ ಅಧಿಕಾರಿಯೊಬ್ಬನು ನಮ್ಮ ಹೆಸರನ್ನು ಬದಲಾಯಿಸಿದನೆಂದು ಹೇಳದ ಅಮೆರಿಕನ್ ಯೆಹೂದಿ ಮನೆತನ ಅಪೂರ್ವ. ೧೮೯೨ರಿಂದ ೧೯೫೪ರವರೆಗೆ ನಡೆದ ಆ ಠಾಣ್ಯದಲ್ಲಿ ಅಧಿಕಾರಿಗಳು ಹೊಸದಾಗಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗು ಹೊರಟ ಬಂದರಿನಲ್ಲಿಯೇ ಸಿದ್ಧವಾಗಿ ಬಂದ ಪಟ್ಟಿಯೊಡನೆ ಪ್ರಯಾಣಿಕನನ್ನು ತಾಳೆ ನೋಡುತ್ತಿದ್ದರು. ಹೆಸರು ಬದಲಾದದ್ದು ಸಾಮಾನ್ಯವಾಗಿ ಆಮೇಲೆ, ಉದ್ಯೋಗಕ್ಕಾಗಿ, ನೆರೆಹೊರೆಗಾಗಿ, ತಾವೇ ಮಾಡಿಕೊಂಡ ಬದಲಾವಣೆಯಿಂದ. ಆದರೂ ಈ ಕಥೆಯನ್ನು ಸುಳ್ಳೆಂದು ಬಿಸಾಡಬೇಕಾದುದಿಲ್ಲ. ಹೆಸರನ್ನು ತಾವೇ ಬಿಟ್ಟೆವೆಂದು ಒಪ್ಪಿಕೊಳ್ಳುವುದಕ್ಕಿಂತ ಯಾರೋ ಕಸಿದುಕೊಂಡರೆಂದು ಹೇಳುವುದು ಒಂದು ತಲೆಮಾರಿಗೆ ಏಕೆ ಸುಲಭವಾಗಿತ್ತು ಎಂಬುದೂ ಚರಿತ್ರೆಯ ಪ್ರಶ್ನೆಯೇ.

ಹಂಚಿಕೊಂಡ ತಿಳಿವಳಿಕೆಯೆಂಬುದು ಇಂಥ ಮನೆಮಾತು ಮಾತ್ರವಲ್ಲ. ಯುದ್ಧಾನಂತರ ಅಳಿದುಳಿದವರು ತಮ್ಮ ಊರುಗಳ ನೆನಪಿಗಾಗಿ ಹೊರತಂದ ಸ್ಮರಣಗ್ರಂಥಗಳು ನೂರಾರು. ಬೀದಿ, ಅಂಗಡಿ, ಪ್ರಾರ್ಥನಾಮಂದಿರ, ಮಡಿದವರ ಪಟ್ಟಿ ಎಲ್ಲವೂ ನೆನಪಿನಿಂದ ಬರೆದದ್ದು. ಜೆರುಸಲೇಮಿನ ಯಾದ್ ವಾಷೆಮ್ ಸಂಸ್ಥೆಯು ೧೯೫೦ರ ದಶಕದಿಂದ ಬಂಧುಗಳಿಂದಲೂ ಪರಿಚಿತರಿಂದಲೂ ಸಾಕ್ಷ್ಯಪತ್ರಗಳನ್ನು ಬರೆಯಿಸಿಕೊಂಡು ಮಡಿದವರ ಹೆಸರುಗಳನ್ನು ಸಂಗ್ರಹಿಸುತ್ತ ಬಂದಿದೆ. ಒಬ್ಬನೇ ವ್ಯಕ್ತಿಗೆ ತಂಗಿ ಬರೆದ ಪತ್ರವೊಂದು, ನೆರೆಯವನು ಬರೆದ ಪತ್ರವೊಂದು ಇರಬಹುದು. ಎರಡರಲ್ಲಿ ವಯಸ್ಸು ಬೇರೆ, ಹೆಂಡತಿಯ ಹೆಸರು ಬೇರೆ. ಇವರು ಒಬ್ಬರೋ ಇಬ್ಬರೋ ಎಂದು ತೀರ್ಮಾನಿಸುವಾಗ ಸಮುದಾಯದ ರೂಢಿಯ ತಿಳಿವಳಿಕೆ ಬೇಕು. ಅಶ್ಕೆನಾಜಿಗಳೆಂಬ ಯೂರೋಪಿನ ಯೆಹೂದ್ಯರು ಬದುಕಿರುವ ಬಂಧುವಿನ ಹೆಸರನ್ನು ಮಗುವಿಗೆ ಇಡುವುದಿಲ್ಲ, ತೀರಿಹೋದವರ ಹೆಸರನ್ನು ಇಡುತ್ತಾರೆ. ಆದಕಾರಣ ಒಂದೇ ಅಜ್ಜನ ಮೊಮ್ಮಕ್ಕಳು ನಾಲ್ಕು ಮನೆಗಳಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಹೆಸರಿನಿಂದ ಹುಟ್ಟುತ್ತಾರೆ. ಹೆಸರು ಕೂಡಿಬಂದಿತೆಂದು ಮನುಷ್ಯರನ್ನೂ ಕೂಡಿಸಿಬಿಡುವವರು ಈ ರೂಢಿಯನ್ನು ಅರಿತಿಲ್ಲವೆಂದೇ ಹೇಳಬೇಕು.

ಇನ್ನು ಡಿ.ಎನ್.ಎ. ವಿಚಾರ. ೧೯೯೭ರಲ್ಲಿ ಕಾರ್ಲ್ ಸ್ಕೊರೆಕ್ಕಿ ಮತ್ತು ಸಹೋದ್ಯೋಗಿಗಳು ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತುವಿನ ಕೆಲವು ಲಕ್ಷಣಗಳು ಕೊಹೆನ್ ಎಂಬ ಪುರೋಹಿತವರ್ಗದವರಲ್ಲಿ ಇತರ ಯೆಹೂದ್ಯರಿಗಿಂತ ಬೇರೆ ಪ್ರಮಾಣದಲ್ಲಿ ಕಂಡುಬಂದಿವೆಯೆಂದು ಅವರು ತೋರಿಸಿದರು. ಮುಂದಿನ ವರ್ಷ ಆರು ಗುರುತುಗಳ ಒಂದು ಮಾದರಿ ಗೊತ್ತಾಯಿತು. ಪುರೋಹಿತರು ಪ್ರವಾದಿ ಮೋಸೆಯ ಅಣ್ಣ ಆರೋನನ ಸಂತತಿಯೆಂಬುದು ಪರಂಪರೆ. ಆರೋನನ ರಕ್ತವೇ ಸಿಕ್ಕಿತೆಂದು ಪತ್ರಿಕೆಗಳು ಕೊಂಡಾಡಿದುವು. ತನ್ನಲ್ಲಿ ಆ ಮಾದರಿ ಇದ್ದವನು ತಾನು ಪುರೋಹಿತವಂಶದವನೆಂದೂ, ಇಲ್ಲದ ಕೊಹೆನ್ನನು ತನ್ನ ವಂಶದಲ್ಲಿ ಏನೋ ದೋಷವಿದೆಯೆಂದೂ ಎಣಿಸತೊಡಗಿದರು. ಆದರೆ ಆ ಆರು ಗುರುತುಗಳು ಯೆಹೂದ್ಯರಲ್ಲದವರಲ್ಲಿಯೂ ಕಂಡುಬಂದುವು. ೨೦೦೯ರಲ್ಲಿ ಮೈಕೆಲ್ ಹ್ಯಾಮರ್ ಮತ್ತಿತರರು ಹೆಚ್ಚಿನ ಗುರುತುಗಳನ್ನು ಹಿಡಿದು ೨೧೫ ಮಂದಿ ಕೊಹೆನ್‌ರನ್ನು ಪರೀಕ್ಷಿಸಿದಾಗ ಅವರಲ್ಲಿ ೨೧ ಪಿತೃಶಾಖೆಗಳು ಕಂಡುವು. ಅವುಗಳಲ್ಲಿ ಒಂದೇ ಶಾಖೆಗೆ ಸುಮಾರು ೪೬ ಪ್ರತಿಶತ ಮಂದಿ ಸೇರಿದ್ದರು. ಪುರಾತನವಾದ ಒಂದು ಮುಖ್ಯ ಶಾಖೆ ಉಂಟು, ಇತರ ಶಾಖೆಗಳೂ ಉಂಟು ಎಂಬಷ್ಟೇ ಇದರ ತಾತ್ಪರ್ಯ. ಮೂಲಪುರುಷನ ಹೆಸರನ್ನು ಯಾವ ವರ್ಣತಂತುವೂ ಹೇಳದು.

ಕುಟುಂಬ ಹುಡುಕುವವನಿಗೆ ಇದಕ್ಕಿಂತ ಹತ್ತಿರದ ತೊಡಕು ಇನ್ನೊಂದಿದೆ. ೧೨೮ ಮಂದಿ ಅಶ್ಕೆನಾಜಿಗಳ ಸಂಪೂರ್ಣ ಜೀನೋಮನ್ನು ಪರಿಶೀಲಿಸಿದ ಷಾಯ್ ಕಾರ್ಮಿ ಮತ್ತಿತರರು, ಇಂದಿನ ಅಶ್ಕೆನಾಜಿಗಳು ೨೫ರಿಂದ ೩೨ ತಲೆಮಾರುಗಳ ಹಿಂದೆ ಸುಮಾರು ೩೫೦ ಮಂದಿಯಷ್ಟಕ್ಕೆ ಇಳಿದಿದ್ದ ಒಂದು ಸಣ್ಣ ಸಮುದಾಯದಿಂದ ಬೆಳೆದವರೆಂದು ೨೦೧೪ರಲ್ಲಿ ಲೆಕ್ಕ ಕಟ್ಟಿದರು. ಅನಂತರವೂ ವಿವಾಹಗಳು ಬಹುಮಟ್ಟಿಗೆ ಸಮುದಾಯದೊಳಗೇ ನಡೆದುವು. ಹೀಗಿರಲಾಗಿ ಇಬ್ಬರು ಅಶ್ಕೆನಾಜಿಗಳು ನೂರು ದಾರಿಗಳಿಂದ ದೂರದ ಬಂಧುಗಳು. ಪರೀಕ್ಷೆ ನಡೆಸುವ ಸಂಸ್ಥೆಯು ಆ ನೂರು ಸಣ್ಣ ತುಣುಕುಗಳನ್ನು ಕೂಡಿಸಿ, ಇವರಿಗೆ ಮುತ್ತಜ್ಜನ ತಂದೆ ಒಬ್ಬನೇ ಎಂಬಂತಹ ಅಂದಾಜನ್ನು ಕೊಡಬಹುದು. ವಾಸ್ತವವಾಗಿ ಹದಿನೈದು ತಲೆಮಾರುಗಳಲ್ಲಿಯೂ ಅಂಥವನೊಬ್ಬನು ಇಲ್ಲದಿರಬಹುದು. ಮೊತ್ತವನ್ನು ನೋಡದೆ ಅತಿ ಉದ್ದವಾದ ತುಣುಕು ಎಷ್ಟೆಂದು ನೋಡಬೇಕು, ಅದೇ ತುಣುಕು ಮೂರನೆಯ ಬಂಧುವಿನಲ್ಲಿಯೂ ಇದೆಯೇ ಎಂದು ಕೇಳಬೇಕು, ಅನಂತರ ದಾಖಲೆಗೆ ಹೋಗಬೇಕು. ಇಷ್ಟು ತಾಳ್ಮೆ ಇದ್ದವರಿಗೆ ಫಲವೂ ದೊರೆತಿದೆ: ಎಳವೆಯಲ್ಲಿ ಪರರ ಮನೆಯಲ್ಲಿ ಅಡಗಿ ಉಳಿದು, ತಂದೆತಾಯಿಗಳ ಹೆಸರನ್ನೂ ಅರಿಯದೆ ಬೆಳೆದವರಿಗೆ ಡಿ.ಎನ್.ಎ. ಹೊರತು ಬೇರೆ ಬಾಗಿಲೇ ಇಲ್ಲ. ಅಂಥವರಿಗಾಗಿ ನ್ಯೂಯಾರ್ಕಿನ ಯೆಹೂದಿ ಇತಿಹಾಸ ಕೇಂದ್ರವು ೨೦೨೨ರಲ್ಲಿ ಪರೀಕ್ಷೆಯ ಸಾಧನಗಳನ್ನು ಉಚಿತವಾಗಿ ಕೊಡತೊಡಗಿತು.

ಮೂರು ಆಧಾರಗಳೂ ಒಂದೆಡೆ ಸೇರಿದ ಒಂದು ನಿದರ್ಶನವನ್ನು ನೋಡಬಹುದು. ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ೨೦೦೪ರಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಹಳೆಯ ಬಾವಿಯೊಂದರಲ್ಲಿ ಕಡಮೆಯೆಂದರೆ ೧೭ ಮಂದಿಯ ಅಸ್ಥಿಗಳು ದೊರೆತುವು. ಬಹುಮಂದಿ ಮಕ್ಕಳು. ಸ್ಥಳೀಯ ಯೆಹೂದಿ ಸಮುದಾಯವು ೨೦೧೩ರಲ್ಲಿ ಅವುಗಳನ್ನು ತನ್ನ ರುದ್ರಭೂಮಿಯಲ್ಲಿ ಸಂಸ್ಕಾರ ಮಾಡಿತು. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಆರು ಮಂದಿಯ ಜೀನೋಮುಗಳನ್ನು ಓದಲಾಯಿತು: ಅವರು ಇಂದಿನ ಅಶ್ಕೆನಾಜಿಗಳಿಗೆ ಸಮೀಪದವರು, ಮೂವರು ಒಡಹುಟ್ಟಿದ ಸೋದರಿಯರು, ಕಾಲ ೧೧೬೧ರಿಂದ ೧೨೧೬ರ ನಡುವೆ. ೧೧೯೦ರ ಫೆಬ್ರುವರಿಯಲ್ಲಿ ನಾರ್ವಿಚ್ಚಿನ ಯೆಹೂದ್ಯರನ್ನು ಅವರ ಮನೆಗಳಲ್ಲಿಯೇ ಕೊಂದರೆಂದು ರಾಲ್ಫ್ ಡಿ ಡಿಸೆಟೊ ಎಂಬ ಸಮಕಾಲೀನ ಚರಿತ್ರೆಕಾರನು ಬರೆದಿದ್ದಾನೆ. ಇವರು ಆ ದಿನ ಮಡಿದವರಿರಬೇಕೆಂದು ಸಂಶೋಧಕರು ಹೇಳಿದರು, ಸಿದ್ಧವಾಯಿತೆಂದು ಹೇಳಲಿಲ್ಲ. ಈ ಸಂಯಮ ಮೆಚ್ಚತಕ್ಕದ್ದು. ಮೂರು ಹುಡುಗಿಯರು ಅಕ್ಕತಂಗಿಯರೆಂಬುದರಲ್ಲಿ ಸಂದೇಹವಿಲ್ಲ, ಅವರ ಹೆಸರುಗಳು ನಮಗೆ ದೊರೆಯುವಂತಿಲ್ಲ.

ಇದಕ್ಕೆ ನೇರ ವಿರುದ್ಧವಾದ ನಿದರ್ಶನ ಅದೇ ಶತಮಾನದಲ್ಲಿ, ನಮ್ಮ ಕರಾವಳಿಯಲ್ಲಿಯೇ ಇದೆ. ಟ್ಯುನೀಷಿಯದ ಮೆಹದಿಯ ಪಟ್ಟಣದವನಾದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ೧೧೩೨ರಿಂದ ೧೧೪೯ರವರೆಗಿನ ಕಾಲದ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದನು. ಕೈರೋವಿನ ಹಳೆಯ ಭಾಗವಾದ ಫುಸ್ತಾತ್‌ನ ಬೆನ್ ಎಜ್ರ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಶೇಖರವಾಗಿದ್ದ ಕಾಗದಗಳಲ್ಲಿ ಅವನ ಪತ್ರಗಳೂ ಲೆಕ್ಕಗಳೂ ಸಿಕ್ಕಿವೆ. ೧೧೩೨ರ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಇವುಗಳಲ್ಲಿ ಒಂದು. ಆಕೆಯಲ್ಲಿ ಅವನಿಗೆ ಮಕ್ಕಳಾದರೆಂದು ಎಸ್. ಡಿ. ಗೊಯ್ಟೈನ್ ಊಹಿಸಿದರು, ಲೆಕ್ಕದ ಚೀಟಿಯೊಂದರಲ್ಲಿ ಬರುವ 'ನಾಯರ್' ಎಂಬ ಬಂಧುವಿನ ಉಲ್ಲೇಖದಿಂದ ಆಕೆ ಮಲಬಾರಿನ ನಾಯರ್ ಕುಲದವಳಿರಬಹುದೆಂದೂ ಎಣಿಸಲಾಗಿದೆ. ಅದೇ ಪತ್ರಗಳಲ್ಲಿ ಅವನ ಆಳೊಬ್ಬನ ಹೆಸರು ಸ್ವರಚಿಹ್ನೆಗಳಿಲ್ಲದ ಲಿಪಿಯಲ್ಲಿ ಬ-ಮ-ಹ ಎಂದು ಮಾತ್ರ ಬರೆದಿದೆ. ಈ ಮೂರು ಅಕ್ಷರಗಳು ಬಹುಕಾಲ ತೊಡಕಾಗಿದ್ದುವು. ಇದು 'ಬೊಮ್ಮ' ಎಂಬ ಹೆಸರೆಂದು ಅಮಿತಾವ್ ಘೋಷ್ ೧೯೯೨ರ ತಮ್ಮ ಗ್ರಂಥದಲ್ಲಿ ಬರೆದದ್ದು ತುಳುನಾಡಿನ ವಿದ್ವಾಂಸರ ನೆರವಿನಿಂದ. ಕೇಂಬ್ರಿಜ್ಜಿನಲ್ಲಿ ಕುಳಿತು ಹಸ್ತಪ್ರತಿಯನ್ನು ಓದಿದವರಿಗೆ ತಿಳಿಯದ ಆ ಹೆಸರು ಈ ನಾಡಿನ ಯಾವ ಹಳ್ಳಿಯವನಿಗೂ ಅಪರಿಚಿತವಲ್ಲ.

ಬೆನ್ ಯಿಜು ೧೧೪೯ರಲ್ಲಿ ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಮಗಳು ಸಿತ್ ಅಲ್-ದಾರ್ ೧೧೫೬ರಲ್ಲಿ ಫುಸ್ತಾತ್‌ನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನನ್ನು ಮದುವೆಯಾದಳು. ಹುಡುಗಿಯ ಹೆಸರು, ಮದುವೆಯ ವರ್ಷ, ತಂದೆಯ ಕೈಬರಹ ಎಲ್ಲವೂ ನಮಗೆ ದೊರೆತಿವೆ. ಆಶು ಆಕೆಯ ತಾಯಿಯೆಂಬುದು ಇಂದಿಗೂ ಊಹೆಯೇ; ಆ ಊಹೆಯನ್ನು ಯಾವ ವರ್ಣತಂತುವಿನ ಎದುರಿಗೂ ನಿಲ್ಲಿಸಿ ಕೇಳುವಂತಿಲ್ಲ. ಏಡನ್ನಿನಿಂದ ಅವನು ಸೋದರರಿಗೆ ಬರೆದ ಪತ್ರದಲ್ಲಿ ಮಕ್ಕಳ ಸುದ್ದಿ ಇದೆ, ಆಶುವಿನ ಸುದ್ದಿ ಇಲ್ಲ.