ಕ್ಲಬ್ಬುಗಳಲ್ಲಿ ಹಾಡಿನ ಪಾಡು

ಪ್ಯಾಲೇಸ್ ಗ್ರೌಂಡ್ಸಿಗೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದ ಮೇಲೆ ಬೆಂಗಳೂರಿಗೆ 'ರಾಕ್ ರಾಜಧಾನಿ' ಎಂಬ ಬಿರುದು ಗಟ್ಟಿಯಾಯಿತು. ಆ ಬಿರುದನ್ನು ನಾನು ಪೂರ್ತಿ ನಂಬಿದವನಲ್ಲ. ಹೊರಗಿನವರು ಬಂದು ಹಾಡಿ ವಿಮಾನ ಹತ್ತುವ ಮೈದಾನ ನೋಡಿ ಊರಿನ ಸಂಗೀತವನ್ನು ಅಳೆಯಲಾಗದು. ಇಲ್ಲಿಯ ಹುಡುಗ ಹುಡುಗಿಯರು ನೂರಿನ್ನೂರು ಜನರೆದುರು ನಿಂತು ತಮ್ಮದೇ ಹಾಡು ಹೇಳುವ ಕೋಣೆಗಳು ಹೇಗಿವೆ ಎಂದು ನೋಡಬೇಕು. ಈ ಮಳೆಗಾಲದಲ್ಲಿ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಎಂದು ಅಂಥ ಕೋಣೆಗಳನ್ನು ಹುಡುಕಿಕೊಂಡು ರಾತ್ರಿ ಅಲೆದೆ. ನುಡಿಸುವವರ ಬಗ್ಗೆ ನನಗೆ ದೂರು ಕಡಿಮೆ. ಕೇಳಿಸುವವರ ಬಗ್ಗೆ ಬಹಳ ಇದೆ.

ಒಂದು ಶನಿವಾರದ ಕನ್ನಡ ಫೋಕ್ ರಾಕ್ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಗಿಟಾರು, ಬೇಸು, ಡ್ರಮ್ಸು, ಪಿಟೀಲು, ಜೊತೆಗೊಂದು ತಮಟೆ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿನ ಪಕ್ಕ ಕೂರಿಸಿದರು. ಮರುವರ್ಷ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ಅಲ್ಲಿಂದೀಚೆಗೆ ಈ ಕಾಲುದಾರಿ ಹೆದ್ದಾರಿಯಾಗಿದೆ. ನಾನು ಕೇಳಿದ ತಂಡವೂ ಅದೇ ಹಾದಿಯದು. ಶರೀಫರ ತತ್ವಪದವೊಂದನ್ನು ಎತ್ತಿಕೊಂಡಿತು. ಸಿ. ಅಶ್ವತ್ಥರ ಧಾಟಿ ಕಿವಿಯಲ್ಲಿ ಕೂತಿರುವವರಿಗೆ ಇಂಥದ್ದನ್ನು ಒಪ್ಪಿಸುವುದು ಸುಲಭವಲ್ಲ, ಆದರೆ ಗಾಯಕನ ಗಂಟಲಿನಲ್ಲಿ ಆ ತಾಕತ್ತು ಇತ್ತು. ಪಿಟೀಲಿನ ಹುಡುಗಿ ಒಂದೇ ಸ್ವರವನ್ನು ಎಳೆದು ನಿಲ್ಲಿಸಿದಾಗ ಅವನು ಪಲ್ಲವಿಗೆ ಇಳಿದ ರೀತಿ ಬಹಳ ಚೆನ್ನಾಗಿತ್ತು. ಆಮೇಲೆ ಡ್ರಮ್ಸು ಬಂತು. ಡಿಸ್ಟಾರ್ಷನ್ ಹಾಕಿದ ಗಿಟಾರು ಬಂತು. ಪದ ಹೋಯಿತು.

ಹೋಯಿತು ಎಂದರೆ ಅಕ್ಷರಶಃ ಹೋಯಿತು. ಹಾಡುಗಾರನ ಬಾಯಿ ಆಡುತ್ತಿದ್ದುದು ಕಾಣುತ್ತಿತ್ತು. ಕೇಳುತ್ತಿದ್ದುದು ಬರೀ ಆ, ಓ, ಏ. ಇದಕ್ಕೆ ಕಾರಣ ಗೂಢವೇನಲ್ಲ. ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಮಾತನ್ನು ಮಾತಾಗಿಸುವ ವ್ಯಂಜನಗಳು ಬದುಕುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ. ಡಿಸ್ಟಾರ್ಷನ್ ಗಿಟಾರು, ಸಿಂಬಲ್ಲು, ಸ್ನೇರ್ ಎಲ್ಲವೂ ನುಗ್ಗುವುದು ಅದೇ ಜಾಗಕ್ಕೆ. ಕನ್ನಡದಂಥ ಒತ್ತಕ್ಷರದ ಭಾಷೆಗೆ ಈ ನೂಕುನುಗ್ಗಲಲ್ಲಿ ಮೊದಲ ಪೆಟ್ಟು. ಅದರ ಮೇಲೆ ಆ ಹಾಲ್ ನೋಡಿ: ಒಂದು ಕಡೆ ಗಾಜು, ಮೂರು ಕಡೆ ಬರೀ ಕಾಂಕ್ರೀಟು, ಮೇಲೆ ಡಕ್ಟುಗಳು ಬೆತ್ತಲೆ ಕಾಣುವ ಎತ್ತರದ ಸೂರು. ಫೋಟೋಗೆ ಚೆಂದ. ಶಬ್ದ ಮಾತ್ರ ಗೋಡೆಗೆ ಬಡಿದು ವಾಪಸ್ಸು ಬಂದು ಮುಂದಿನ ಸಾಲಿನ ಮೇಲೆ ಬೀಳುತ್ತದೆ. ಸೌಂಡ್ ಎಂಜಿನಿಯರ್ ಎಲ್ಲಿದ್ದ ಎಂದು ಹುಡುಕಿದೆ. ಮೆಟ್ಟಿಲ ಕೆಳಗೆ, ಶೌಚಾಲಯದ ಬಾಗಿಲ ಪಕ್ಕ, ಕಂಬದ ಮರೆಯಲ್ಲಿ ಮಿಕ್ಸರ್ ಇಟ್ಟುಕೊಂಡು ಕೂತಿದ್ದ. ಹಾಲಿನವರಿಗೆ ಏನು ಕೇಳುತ್ತಿದೆ ಎಂದು ತಿಳಿಯುವ ಯಾವ ದಾರಿಯೂ ಆ ಪಾಪದವನಿಗೆ ಇರಲಿಲ್ಲ. ವೇದಿಕೆಯ ಎದುರಿನ ಒಳ್ಳೆಯ ಜಾಗದಲ್ಲಿ ಆರು ಜನರ ಟೇಬಲ್ ಹಾಕಿದ್ದರು.

ಅಂಥದ್ದೇ ಟೇಬಲ್ಲೊಂದರಲ್ಲಿ ಅವತ್ತು ಹುಟ್ಟುಹಬ್ಬ. ಎರಡನೆಯ ಚರಣದ ನಡುವೆ ಅಡುಗೆಮನೆಯಿಂದ ಬೆಂಕಿ ಚಿಮ್ಮಿಸುತ್ತ ಕೇಕ್ ಬಂತು, ಮ್ಯಾನೇಜರ್ ಕೈಸನ್ನೆ ಮಾಡಿದ, ತಂಡ ತತ್ವಪದ ನಿಲ್ಲಿಸಿ ಹ್ಯಾಪಿ ಬರ್ತ್‌ಡೇ ನುಡಿಸಿತು. ಡ್ರಮ್ಮರ್ ನಗಲೂ ಇಲ್ಲ, ಸಿಡುಕಲೂ ಇಲ್ಲ. ರೂಢಿಯಾಗಿತ್ತು ಅಂತ ಕಾಣುತ್ತದೆ. ಅವನ ಹಿಂದಿನ ಗೋಡೆಯ ಪರದೆಯಲ್ಲಿ ಕ್ರಿಕೆಟ್ ಓಡುತ್ತಲೇ ಇತ್ತು. ಸಿಕ್ಸರ್ ಬಿದ್ದಾಗ ಎದ್ದ ಕೂಗನ್ನು ಹಾಡಿಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಗಿಟಾರಿನವನು ತಲೆ ಬಾಗಿಸಿದ. ಬಾರಿನ ಕಡೆಯಿಂದ ಒಬ್ಬ, "ಗುರೂ, ಅಣ್ಣಾವ್ರ ಹಾಡೊಂದು ಹೇಳಿ" ಎಂದ. "ಹೇಳೋಣ ಬ್ರೋ, ಮೊದ್ಲು ನಮ್ದೊಂದು ಕೇಳಿ" ಎಂದ ಗಾಯಕ. ಕೇಳಿದವನು ಅಷ್ಟರಲ್ಲಿ ಬಿಲ್ ಕೊಡಲು ಹೋಗಿದ್ದ.

ಜನ ಮಾತಾಡುತ್ತಾರೆಂದು ಸದ್ದು ಏರಿಸುತ್ತಾರೆ, ಸದ್ದು ಏರಿತೆಂದು ಜನ ಕಿರುಚುತ್ತಾರೆ. ಹತ್ತೂವರೆಯ ಹೊತ್ತಿಗೆ ನನ್ನ ಫೋನಿನ ಆ್ಯಪ್ ನೂರು ಡೆಸಿಬೆಲ್ ದಾಟಿಸಿತ್ತು. ಫೋನಿನ ಲೆಕ್ಕ ಪಕ್ಕಾ ಅಲ್ಲ, ಒಪ್ಪೋಣ; ಕಿವಿಯಲ್ಲಿ ಮರುದಿನದವರೆಗೂ ಗುಂಯ್‌ಗುಟ್ಟಿದ್ದು ಪಕ್ಕಾ. ಇಂಥ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಮಾನದಂಡ ಹಾಕಿದೆ. ಸದ್ದನ್ನು ಅಳೆದು ತೋರಿಸಬೇಕು, ಕಿವಿಗೆ ಇಡುವ ಪ್ಲಗ್ ಕೊಡಬೇಕು, ಸ್ವಲ್ಪ ಹೊತ್ತು ಕೂರಲು ಸದ್ದಿಲ್ಲದ ಮೂಲೆ ಇರಬೇಕು ಎಂದೂ ಹೇಳಿದೆ. ನಮ್ಮಲ್ಲಿ ಸಿಗರೇಟಿಗೆ ಪ್ರತ್ಯೇಕ ಮೂಲೆ ಇದೆ, ಕಿವಿಗೆ ಇಲ್ಲ.

ಕ್ಲಬ್ ಮಾಲೀಕರನ್ನೇ ಬೈದು ಸುಮ್ಮನಾಗುವಂತಿಲ್ಲ. 2005ರಲ್ಲಿ ಬೆಂಗಳೂರು ಪೊಲೀಸರು ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ತಂದ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ಆದೇಶದ ಕಣ್ಣಿದ್ದದ್ದು ಮುಖ್ಯವಾಗಿ ಕುಣಿತದ 'ಲೈವ್ ಬ್ಯಾಂಡ್'ಗಳ ಮೇಲೆ. ಅದೇ ವರ್ಷ ಬಿಗಿ ಶುರುವಾದಾಗ ಸಿಕ್ಕಿಬಿದ್ದವರು ಮೂಲೆಯಲ್ಲಿ ಗಿಟಾರ್ ಮೀಟುತ್ತಿದ್ದ ಹುಡುಗರು. ಹೊಸ ತಂಡಗಳಿಗೆ ಆಸರೆಯಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು.  ಬಾಡಿಗೆ ಕಟ್ಟಲು ಟಿಕೆಟ್ಟಿನ ಹಣ ಸಾಲದು. ಹೊಟ್ಟೆ ತುಂಬಿಸುವುದು ಅಡುಗೆಮನೆ ಮತ್ತು ಬಾರು. ಹಾಗಾಗಿ ಉಪ್ಪಿನಕಾಯಿಯಂತೆ ತಟ್ಟೆಯ ಅಂಚಿಗೆ ಬಂದು ಕೂತಿದೆ ಸಂಗೀತ. ಅಕ್ಕಪಕ್ಕದ ನಿವಾಸಿಗಳ ದೂರು ಬೇರೆ. ಅವರ ದೂರು ನ್ಯಾಯವಾದದ್ದೇ ಎಂದು ನನ್ನ ಎಣಿಕೆ. ರಾತ್ರಿ ಹತ್ತರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು ಎನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. ತಾರಸಿಯ ಮೇಲೆ ಶಾಮಿಯಾನ ಕಟ್ಟಿ ಬೇಸ್ ಗುಡುಗಿಸಿದರೆ ಪಕ್ಕದ ಮನೆಯ ಮುದುಕರು ಏನು ಮಾಡಬೇಕು? ಗೋಡೆಗೆ ಸರಿಯಾದ ಲೇಪ, ಬಾಗಿಲಿಗೆ ಎರಡು ಪದರ ಹಾಕಿದರೆ ಒಳಗಿನವರಿಗೂ ಹಾಡು ಕೇಳುತ್ತದೆ, ಹೊರಗಿನವರಿಗೂ ನಿದ್ದೆ ಬರುತ್ತದೆ.

ಆಗದ ಮಾತೇನಲ್ಲ ಇದು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ 2012ರಿಂದ ಒಂದೇ ಸೂರಿನಡಿ ಬಿಯರ್ ಇಳಿಸುತ್ತದೆ, ಊಟ ಹಾಕುತ್ತದೆ, ಜಾಝ್ ಕೇಳಿಸುತ್ತದೆ. ಪುಸ್ತಕದ ಕಪಾಟುಗಳೂ ಇವೆ. ಅಲ್ಲಿ ಸಂಗೀತಕ್ಕೆಂದೇ ಜಾಗ ಕಟ್ಟಿದ್ದಾರೆ. ನಾನು ಹೋದ ರಾತ್ರಿ ಡಬಲ್ ಬೇಸಿನ ತಂತಿಯ ಮೇಲೆ ಬೆರಳು ಜಾರುವ ಸರ್ರೆಂಬ ಸದ್ದು ಕೂಡ ನನ್ನ ಕುರ್ಚಿಗೆ ತಲುಪಿತು. ಡ್ರಮ್ಮರ್ ಬ್ರಷ್ ಹಿಡಿದಾಗ ಫೋರ್ಕಿನ ಸದ್ದು ತಾನಾಗಿ ನಿಂತಿತು. ಯಾರೂ ಶ್ಶ್ ಅನ್ನಲಿಲ್ಲ. ಆದರೆ ಬಸವನಗುಡಿಯ ಕಾಲೇಜು ಹುಡುಗನೊಬ್ಬ ಆ ದೂರ, ಆ ಖರ್ಚು ಎರಡನ್ನೂ ಭರಿಸಿ ತಿಂಗಳಿಗೊಮ್ಮೆಯಾದರೂ ಹೋಗಬಲ್ಲನೇ? ಒಳ್ಳೆಯ ಶ್ರವಣ ಹಣವಂತರ ಸೊತ್ತಾದರೆ ಅದರಿಂದ ಊರಿಗೆ ಆಗುವ ಲಾಭ ಅಷ್ಟಕ್ಕಷ್ಟೆ.

ಸಭಾ ಸಂಗೀತದವರು ಇಲ್ಲಿ ಮೂಗು ಮುರಿಯಬಹುದು. ಅವಸರ ಬೇಡ. 1905ರ ಗಾಯನ ಸಮಾಜವಿರಲಿ, ಕೋಟೆ ಹೈಸ್ಕೂಲಿನ ರಾಮನವಮಿ ಚಪ್ಪರವಿರಲಿ, ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವ ನಾವು ಯಾರಿಗೂ ಪಾಠ ಹೇಳುವ ಹಾಗಿಲ್ಲ.

ಇಷ್ಟರಲ್ಲಿ ತಪ್ಪೆಲ್ಲ ಕೋಣೆಯದೇ ಎಂದು ಬರೆದು ಮುಗಿಸಬಹುದಿತ್ತು, ಒಂದು ರ‍್ಯಾಪ್ ರಾತ್ರಿ ಅಡ್ಡ ಬರದಿದ್ದರೆ. ಮೇಲೆ ಹೇಳಿದ ಅದೇ ಗಾಜು-ಕಾಂಕ್ರೀಟಿನ ಹಾಲು, ಅದೇ ಸ್ಪೀಕರು, ಕಂಬದ ಹಿಂದೆ ಅದೇ ಎಂಜಿನಿಯರು. ಆಲ್ ಓಕೆ, ಎಂ.ಸಿ. ಬಿಜ್ಜು ಮುಂತಾದವರು ಕಡಿದ ಹಾದಿಯಲ್ಲಿ ಬರುತ್ತಿರುವ ಹೊಸಬರು ಅಂದು ಮೈಕು ಹಿಡಿದಿದ್ದರು. ಒಂದೊಂದು ಪದವೂ ಕೇಳಿತು! ಮೆಜೆಸ್ಟಿಕ್ಕಿನ ಬಸ್ಸು, ಪಿ.ಜಿ. ಊಟ, ಮನೆ ಖಾಲಿ ಮಾಡೆನ್ನುವ ಓನರು, ಸಾಲ ಕೇಳಿ ಫೋನ್ ಮಾಡುವ ಆ್ಯಪಿನವರು, ಎಲ್ಲ ಕೇಳಿತು. ಜನ ಕುಡಿಯುವುದು ಬಿಟ್ಟು ವೇದಿಕೆಯ ಹತ್ತಿರ ಬಂದರು. ಗುಟ್ಟು ಸರಳ. ಹಿಂದಿನ ಬೀಟು ತೆಳ್ಳಗಿತ್ತು, ಮಾತಿಗೆ ನಡುವೆ ಜಾಗ ಬಿಟ್ಟಿತ್ತು. ಅಂದರೆ ನಮ್ಮ ಫೋಕ್ ರಾಕ್ ತಂಡಗಳು ಕೋಣೆಯ ಮೇಲೆ ಹಾಕುತ್ತಿರುವ ತಪ್ಪಿನಲ್ಲಿ ಅರ್ಧ ಅವರದೇ. ಐದು ವಾದ್ಯವೂ ಐದು ನಿಮಿಷವೂ ಬಡಿಯಬೇಕೆಂಬ ಹಟ ಯಾಕೆ?

ಇನ್ನೂ ಒಂದು ಮಾತು ಹೇಳಲೇಬೇಕು. ಈ ತಂಡಗಳಿಗೊಂದು ಅಚ್ಚು ಸಿಕ್ಕಿಬಿಟ್ಟಿದೆ: ನಿಧಾನದ ಆಲಾಪ, ವಚನವೋ ತತ್ವಪದವೋ, ಪಲ್ಲವಿಗೆ ಬಿರುಗಾಳಿ ಗಿಟಾರು, ಕೊನ್ನಕ್ಕೋಲಿನ ಜಟಾಪಟಿ, ಕೊನೆಗೆ ಎಲ್ಲರೂ ನೆಗೆಯಿರಿ ಎಂಬ ಅಪ್ಪಣೆ. ಶರೀಫರ ಪದ ಎತ್ತಿಕೊಂಡರೆ ಅರ್ಧ ಗೆದ್ದಂತೆ. ಸ್ವಂತ ಪದ ಬರೆಯುವ ಕಷ್ಟ ತಪ್ಪುತ್ತದೆ. ಅಂದು ಆ ಗಾಯಕ "ನಮ್ದೊಂದು" ಎಂದು ಹೇಳಿದ ಹಾಡಿನಲ್ಲಿ ನನಗೆ ಕೇಳಿದ ನಾಲ್ಕೈದು ಪದಗಳೆಂದರೆ ಮಣ್ಣು, ಬೇರು, ಹಕ್ಕಿ, ಕನಸು. ಅವನು ಬಿಳೇಕಹಳ್ಳಿಯಲ್ಲಿ ಮೂರನೆಯ ಮಹಡಿಯಲ್ಲಿರುತ್ತಾನೆ ಎಂದು ಆಮೇಲೆ ಮಾತಾಡಿದಾಗ ತಿಳಿಯಿತು. ಆ ಮಹಡಿಯಿಂದ ಕಾಣುವುದೇನು ಎಂದು ಅವನ ಹಾಡಿನಿಂದ ತಿಳಿಯಲಿಲ್ಲ. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹಾಡುವುದು ಇಂಗ್ಲಿಷಿನಲ್ಲಿ. ಆದರೂ ತನ್ನ ಸಂಗೀತವನ್ನು 'ಬೆಂಗಳೂರು ರಾಕ್' ಎಂದೇ ಕರೆದುಕೊಂಡು ಈ ಊರಿನ ಬಗ್ಗೆಯೇ ಹಾಡು ಕಟ್ಟಿತು. ಕನ್ನಡದಲ್ಲಿ ಹಾಡುವವರಿಗೆ ಈ ಊರು ಇನ್ನೂ ವಸ್ತುವಾಗಿ ಒದಗದಿರುವುದು ವಿಚಿತ್ರ. ರ‍್ಯಾಪಿನವರು ಅವರನ್ನು ಮೀರಿ ಮುಂದೆ ಹೋಗಿರುವುದು ಇಲ್ಲೇ.

ಇಷ್ಟೆಲ್ಲ ಬೈದರೂ ನಾನು ಮತ್ತೆ ಹೋಗುವವನೇ. ಹತ್ತಡಿ ದೂರದಲ್ಲಿ ನಿಂತವನ ಹಣೆಯ ಬೆವರು, ತಪ್ಪಿದ ತಾಳವನ್ನು ಬೇಸಿನವಳು ಕಣ್ಸನ್ನೆಯಲ್ಲೇ ಎಳೆದು ತರುವ ಬಗೆ, ಇವು ಪ್ಯಾಲೇಸ್ ಗ್ರೌಂಡ್ಸಿನ ದೊಡ್ಡ ಪರದೆಯಲ್ಲಿ ಸಿಗುವಂಥದ್ದಲ್ಲ. ನೀವೂ ಹೋಗಿ. ಟಿಕೆಟ್ ಕಾದಿರಿಸುವ ಮುಂಚೆ ಯಾವ ತಂಡ ಎಂದು ಕೇಳುವಂತೆ ಸೌಂಡ್ ಯಾರದು, ಮಿಕ್ಸರ್ ಎಲ್ಲಿಡುತ್ತೀರಿ, ಹಾಡುವಾಗ ಟಿ.ವಿ. ಆರಿಸುತ್ತೀರಾ ಎಂದೂ ಕೇಳಿ. ಹಾಡಿನ ಪದ ಕೇಳಿಸದಿದ್ದರೆ ಬಿಲ್ ಕೊಡುವಾಗ ಮ್ಯಾನೇಜರಿಗೆ ಅದನ್ನೂ ಹೇಳಿ. ಊಟಕ್ಕೆ ಉಪ್ಪು ಹೆಚ್ಚಾದರೆ ಹೇಳುತ್ತೇವಲ್ಲ.