ಪಾಲಿಮರ್ ಕ್ಲೇ ಚಕ್ಕೋತ

ಗೋವೆಯ ಕಾಣಕೋಣದಲ್ಲಿ ಕೂತು ಪಾಲಿಮರ್ ಕ್ಲೇ ನಾದುವವರಿಗೆ ಒಂದು ಪುಟ್ಟ ಮಾಟೋಳಿ ಮಾಡೋಣ ಎನ್ನಿಸುವುದು ಸಹಜ. ಚೌತಿಗೆ ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ಕಟ್ಟಿ ತೆಂಗಿನಕಾಯಿ, ಅಡಿಕೆ ಗೊನೆ, ಸೌತೆ, ಅಂಬಟೆ, ಚಕ್ಕೋತ, ಹೆಸರೇ ಮರೆತುಹೋಗಿರುವ ಕಾಡುಕಾಯಿಗಳನ್ನೆಲ್ಲ ತೂಗುಬಿಡುವ ಸಂಪ್ರದಾಯ ಇದು. ಗಡಿಯ ಈಚೆಗಿನ ಉತ್ತರ ಕನ್ನಡದವರಿಗೆ ಫಲಾವಳಿ ಎಂದರೆ ಥಟ್ಟನೆ ಗೊತ್ತಾಗುತ್ತದೆ. ಕಾಣಕೋಣಕ್ಕೆ ಕೋಟಿಗಾಂವ್ ಕಾಡು ಬಗಲಲ್ಲೇ ಇರುವುದರಿಂದ ಹಬ್ಬದ ಮುಂಚೆ ಅಲ್ಲಿನ ಚಾವಡಿ ಪೇಟೆಯಲ್ಲಿ ಈ ಸರಕಿನದೇ ಗದ್ದಲ. ಕಣ್ಣಿಗೆ ಇಷ್ಟೊಂದು ಬಣ್ಣ ಬಿದ್ದಮೇಲೆ ಕೈ ಸುಮ್ಮನಿರುವುದು ಕಷ್ಟ. ಆದರೂ ಈ ಕ್ಲೇಗೆ ಒಗ್ಗುವ ವಸ್ತು ಅದಲ್ಲ ಎಂದೇ ನನ್ನ ಅಭಿಪ್ರಾಯ.

ಯಾಕೆಂದರೆ ಇದರಲ್ಲಿ ಮಣ್ಣಿನ ಗುಣ ಒಂದೂ ಇಲ್ಲ. ಪಿವಿಸಿ ಪುಡಿ, ಅದನ್ನು ಮೆತ್ತಗಾಗಿಸುವ ದ್ರವ, ಬಣ್ಣ, ಇಷ್ಟೇ ಇದರ ಹೂರಣ. ಜರ್ಮನಿಯ ಗೊಂಬೆ ತಯಾರಕಿ ಕೇಟೆ ಕ್ರೂಸೆಯ ಮಗಳು ಇದನ್ನು ಆಟದ ಸಾಮಗ್ರಿಯಾಗಿ ಬೆಳೆಸಿದಳು. 1964ರಲ್ಲಿ ಎಬರ್ಹಾರ್ಡ್ ಫಾಬರ್ ಕಂಪನಿ ಅದನ್ನು ಕೊಂಡು ಫಿಮೋ ಹೆಸರಿನಲ್ಲಿ ಮಾರಿತು. ಗಣಪತಿ ಮಾಡುವ ಚಿತ್ರಶಾಳೆಯ ಚಿಕಣಿಮಣ್ಣು ಹೆಬ್ಬೆರಳ ಒತ್ತನ್ನು ಉಳಿಸಿಕೊಳ್ಳುತ್ತದೆ, ನೀರು ಸವರಿದರೆ ತಿದ್ದಿಸಿಕೊಳ್ಳುತ್ತದೆ, ಸೊಂಡಿಲು ಕೆನ್ನೆಗೆ ಕೂಡುವ ಜಾಗದಲ್ಲಿ ಗೆರೆಯೇ ಕಾಣದಂತೆ ಒಂದಾಗುತ್ತದೆ. ಪ್ಲಾಸ್ಟಿಕ್ ಮೇಲೆ ಬೀಳುವುದು ಬೆರಳಚ್ಚು, ಅದೂ ಬೇಡವಾದ ಕಡೆ. ತೆಂಗಿನಕಾಯಿಯ ಒರಟು, ಅಡಿಕೆಯ ನಾರು, ಸೌತೆಕಾಯಿಯ ಮಾಸಲು ಹಸಿರು, ಇಂಥ ಸಿಪ್ಪೆಯ ಕೆಲಸಕ್ಕೆಲ್ಲ ಆಮೇಲೆ ಕುಂಚ ಹಿಡಿದು ಬಣ್ಣ ಹಚ್ಚಲೇಬೇಕು. ಹಾಗೆ ಮಾಡಿದ ಮಾಟೋಳಿ ಅಚ್ಚುಕಟ್ಟಾಗಿರುತ್ತದೆ, ಆದರೆ ಜಾತ್ರೆ ಅಂಗಡಿಯ ಆಟಿಕೆಯಂತಿರುತ್ತದೆ.

ಅದೇ ಚಕ್ಕೋತವನ್ನು ಅಡ್ಡ ಕೊಯ್ದಂತೆ ಮಾಡಿ ನೋಡಿ. ಅರೆಪಾರದರ್ಶಕ ಕ್ಲೇಗೆ ಚಿಟಿಕೆ ಗುಲಾಬಿ ಬೆರೆಸಿ, ಉದ್ದನೆಯ ಮುಕ್ಕೋನದ ಕಡ್ಡಿಗಳನ್ನು ಹೊಸೆದು, ಒಂದೊಂದಕ್ಕೂ ತೆಳು ಬಿಳಿ ಪದರ ಸುತ್ತಬೇಕು. ಎಂಟೋ ಹತ್ತೋ ಕಡ್ಡಿಗಳನ್ನು ನಡುವಿನ ಬಿಳಿ ಎಳೆಯ ಸುತ್ತ ಜೋಡಿಸಿ, ಮೇಲೆ ದಪ್ಪ ಬಿಳಿ, ಅದರ ಮೇಲೆ ಹಳದಿ ಮಿಶ್ರಿತ ಹಸಿರು. ಈಗ ಈ ದಿಂಡನ್ನು ನಡುವಿನಿಂದ ಒತ್ತುತ್ತಾ, ಎಳೆಯುತ್ತಾ ಕಿರುಬೆರಳಿನಷ್ಟು ಸಣ್ಣಗೆ ಮಾಡಿ, ಫ್ರಿಜ್ಜಿನಲ್ಲಿಟ್ಟು, ಹರಿತವಾದ ಬ್ಲೇಡಿನಿಂದ ಕೊಯ್ಯಬೇಕು. ತುದಿಗಳೆರಡೂ ಸೊಟ್ಟಗಾಗಿರುತ್ತವೆ, ಬಿಡಿ. ನಡುವಿನ ಪ್ರತಿ ಬಿಲ್ಲೆಯಲ್ಲೂ ತೊಳೆ, ತೊಗಟೆ, ನಡುವಿನ ಬಿಳಿ ಎಲ್ಲ ಹಾಗೆಹಾಗೇ ಇರುತ್ತವೆ. ಬೆಂದ ಮೇಲೆ ತೊಳೆಯೊಳಗೆ ಬೆಳಕು ಹಾಯುತ್ತದೆ. ವೆನಿಸ್ಸಿನ ಗಾಜಿನ ಕುಶಲಕರ್ಮಿಗಳ ಈ ಉಪಾಯವನ್ನು ಕುಲುಮೆಯಿಲ್ಲದೆ ಅಡುಗೆಮನೆಯ ಕಟ್ಟೆಯ ಮೇಲೆ ಮಾಡಲು ಸಾಧ್ಯವಾಗಿರುವುದೇ ಪಾಲಿಮರ್ ಕ್ಲೇಯ ನಿಜವಾದ ಹೆಚ್ಚುಗಾರಿಕೆ. ಕಿವಿಯೋಲೆಗೆ ಈ ಬಿಲ್ಲೆಗಿಂತ ಬೇರೇನೂ ಬೇಡ. ಮಾಟೋಳಿಯಲ್ಲಿ ಮಾತ್ರ ಹಣ್ಣನ್ನು ಯಾರೂ ಕೊಯ್ದು ಕಟ್ಟುವುದಿಲ್ಲ.

ಕರಾವಳಿಯ ಹವೆಗೆ ಪಾಲಿಮರ್ ಕ್ಲೇ ಚೆನ್ನಾಗಿ ಒಗ್ಗುತ್ತದೆಂದು ಒಪ್ಪಲೇಬೇಕು. ಗಾಳಿಗೆ ಒಣಗುವ ಕ್ಲೇ ಆಷಾಢದ ಥಂಡಿಯಲ್ಲಿ ಒಣಗಲು ದಿನಗಟ್ಟಲೆ ಸತಾಯಿಸುತ್ತದೆ, ಒಣಗಿದ ಮೇಲೂ ತೇವ ಹೀರುತ್ತದೆ. ಇದಕ್ಕೆ ಆ ರಗಳೆಯಿಲ್ಲ. ಏಪ್ರಿಲ್ ಸೆಖೆಯಲ್ಲಿ ಮಾತ್ರ ಕೈಗೆ ಅಂಟುವಷ್ಟು ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮರೆತರೆ ಪೊಟ್ಟಣದಲ್ಲೇ ಗಟ್ಟಿಯಾಗತೊಡಗುತ್ತದೆ.

ಬೇಯಿಸುವುದೇ ಎಲ್ಲಕ್ಕಿಂತ ಸೂಕ್ಷ್ಮ. ಫಿಮೋಗೆ 110 ಡಿಗ್ರಿಯಲ್ಲಿ ಅರ್ಧ ಗಂಟೆ. ಓಟಿಜಿಯ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ. ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಕಮ್ಮಿಯಾದರೆ ಓಲೆ ಚಟ್ಟನೆ ಮುರಿಯುತ್ತದೆ. ಹೆಚ್ಚಾಗಿ ಸೀದರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ, ಮನೆಯವರೆಲ್ಲ ಅಂಗಳಕ್ಕೆ ಓಡಬೇಕಾಗುತ್ತದೆ. ಮೈಕ್ರೋವೇವಿನ ಮಾತೇ ಬೇಡ. ಚಪಾತಿಯ ಮರದ ಲಟ್ಟಣಿಗೆಯೂ ಬೇಡ, ಅಂಟುತ್ತದೆ. ಒಂದು ಗಾಜಿನ ಬಾಟಲಿ, ಒಂದು ನುಣುಪಾದ ಟೈಲ್ಸ್ ಇದ್ದರೆ ಸಾಕು. 57 ಗ್ರಾಂ ಪೊಟ್ಟಣ ಇಲ್ಲಿ ಅಗ್ಗವಲ್ಲವಾದ್ದರಿಂದ ಮೊದಲಿಗೆ ನಾಲ್ಕೇ ಬಣ್ಣ ಕೊಳ್ಳಿ. ಬಿಳಿಯನ್ನು ಮೊದಲು ನಾದಿ, ಕೆಂಪನ್ನು ಕೊನೆಗೆ. ಕೆಂಪು ಮುಟ್ಟಿದ ಕೈ ಬಿಳಿಯನ್ನು ಸುಮ್ಮನೆ ಬಿಡುವುದಿಲ್ಲ.

ನನ್ನ ತಕರಾರು ಇನ್ನೊಂದಿದೆ. ಕಾಣಕೋಣದ ಆಗೊಂದ, ಗಾಲ್ಜಿಬಾಗ್ ಕಡಲತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಆ ಆಮೆಯನ್ನೇ ಪಿವಿಸಿಯಲ್ಲಿ ತಿದ್ದಿ, ನೆನಪಿಗೆಂದು ಪ್ರವಾಸಿಗನ ಕೀಲಿಕೈಗೆ ತೂಗುಹಾಕುವುದು ನನಗೆ ಸರಿಕಾಣುವುದಿಲ್ಲ, ಎಷ್ಟೇ ಮುದ್ದಾಗಿರಲಿ. ಬೆಂದ ಓಲೆಯನ್ನು ಉಜ್ಜಿ ನಯ ಮಾಡುವಾಗ ಉದುರುವ ಪುಡಿಯೂ ಪ್ಲಾಸ್ಟಿಕ್ಕೇ. ಒದ್ದೆ ಮರಳುಕಾಗದದಿಂದ ಬೋಗುಣಿಯ ನೀರಿನಲ್ಲಿ ಉಜ್ಜಿ, ನೀರು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗಷ್ಟನ್ನು ಒಣಕಸಕ್ಕೆ ಹಾಕಬೇಕು, ಸಿಂಕಿಗೆ ಚೆಲ್ಲಬಾರದು. ಬೇಯದ ತುಣುಕುಗಳನ್ನಂತೂ ಎಸೆಯುವ ಪ್ರಮೇಯವೇ ಇಲ್ಲ. ಎಲ್ಲ ಸೇರಿಸಿ ನಾದಿದರೆ ಕೆಸರುಬಣ್ಣದ ಉಂಡೆಯಾಗುತ್ತದೆ; ಅದನ್ನು ಮಣಿಯ ತಿರುಳಾಗಿಟ್ಟು ಮೇಲೆ ಚಕ್ಕೋತದ ಬಿಲ್ಲೆಗಳನ್ನು ಹೊದಿಸಿದರೆ ಒಂದೇ ದಿಂಡಿನಲ್ಲಿ ಒಂದು ಸರಕ್ಕಾಗುವಷ್ಟು ಮಣಿ ಹುಟ್ಟುತ್ತವೆ.